ಸೇವಾ ಜಾಲತಾಣಗಳಲ್ಲಿ ಬಳಕೆದಾರ, ಗುಂಪು ಮತ್ತು ಪಾತ್ರ: "ಅರ್ಜಿ ಲಾಗಿನ್‌ನಲ್ಲಿದೆ" ಎಂಬ ಉತ್ತರದ ಅರ್ಥ

(ಸಾರ್ವಜನಿಕರ ಮಾಹಿತಿಗಾಗಿ)

ನಾಡಕಚೇರಿ, ಗ್ರಾಮ ಒನ್ ಕೇಂದ್ರ ಅಥವಾ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿದ ಸಾರ್ವಜನಿಕರು ತಮ್ಮ ಅರ್ಜಿಯ ಸ್ಥಿತಿಗತಿಯನ್ನು ವಿಚಾರಿಸಿದಾಗ, "ಅರ್ಜಿಯು ಗ್ರಾಮ ಆಡಳಿತ ಅಧಿಕಾರಿಗಳ ಲಾಗಿನ್‌ನಲ್ಲಿದೆ", "ಉಪ ತಹಶೀಲ್ದಾರರ ಲಾಗಿನ್‌ಗೆ ಹೋಗಿದೆ" ಎಂಬ ಉತ್ತರ ದೊರೆಯುವುದು ಸಾಮಾನ್ಯವಾಗಿದೆ. ಈ ಉತ್ತರದ ಅರ್ಥವೇನು, ಅರ್ಜಿಯು ಒಬ್ಬ ಅಧಿಕಾರಿಯಿಂದ ಮತ್ತೊಬ್ಬ ಅಧಿಕಾರಿಗೆ ಏಕೆ ಹೋಗಬೇಕು, ಎಲ್ಲವನ್ನೂ ಒಬ್ಬರೇ ಏಕೆ ಪೂರ್ಣಗೊಳಿಸಬಾರದು ಎಂಬ ಪ್ರಶ್ನೆಗಳು ಅರ್ಜಿದಾರರಲ್ಲಿ ಸಹಜವಾಗಿ ಮೂಡುತ್ತವೆ. ಇವುಗಳಿಗೆ ಉತ್ತರವು ತಂತ್ರಾಂಶದಲ್ಲಿ ಬಳಕೆದಾರರನ್ನು, ಗುಂಪುಗಳನ್ನು ಮತ್ತು ಪಾತ್ರಗಳನ್ನು ರೂಪಿಸಿರುವ ಕ್ರಮದಲ್ಲಿ ಅಡಗಿದೆ. ಸದರಿ ಕ್ರಮವನ್ನು ಭಾಲ್ಕಿ ತಾಲ್ಲೂಕಿನ ಭಾತಂಬ್ರಾ ಗ್ರಾಮದ ಉದಾಹರಣೆಯೊಂದಿಗೆ ಈ ಕೆಳಗೆ ವಿವರಿಸಲಾಗಿದೆ.

1. ಮೂರು ಪದಗಳ ಅರ್ಥ

ಬಳಕೆದಾರ ಎಂದರೆ ತಂತ್ರಾಂಶವನ್ನು ಪ್ರವೇಶಿಸುವ ಒಬ್ಬ ವ್ಯಕ್ತಿ. ಪ್ರತಿಯೊಬ್ಬ ಬಳಕೆದಾರನಿಗೂ ಪ್ರತ್ಯೇಕ ಗುರುತು ಇರುತ್ತದೆ. ಆ ಗುರುತನ್ನು ಗುಪ್ತಪದ, ಮೊಬೈಲಿಗೆ ಬರುವ ಒಟಿಪಿ ಅಥವಾ ಬೆರಳಚ್ಚಿನ ಮೂಲಕ ದೃಢಪಡಿಸಿಕೊಳ್ಳಲಾಗುತ್ತದೆ. ಅರ್ಜಿ ಸಲ್ಲಿಸುವ ನಾಗರಿಕರೂ ಬಳಕೆದಾರರೇ, ಅದನ್ನು ವಿಲೇವಾರಿ ಮಾಡುವ ಅಧಿಕಾರಿಗಳೂ ಬಳಕೆದಾರರೇ.

ಪಾತ್ರ ಎಂದರೆ ಒಂದು ಹುದ್ದೆಗೆ ಸೇರಿದ ಕೆಲಸಗಳ ಪಟ್ಟಿ. ಅರ್ಜಿ ಸ್ವೀಕರಿಸುವುದು, ಸ್ಥಳ ವಿಚಾರಣೆಯ ವರದಿ ಸಲ್ಲಿಸುವುದು, ಶಿಫಾರಸು ಮಾಡುವುದು, ಅನುಮೋದಿಸುವುದು, ಸಕಾರಣವಾಗಿ ತಿರಸ್ಕರಿಸುವುದು, ಡಿಜಿಟಲ್ ಸಹಿ ಮಾಡುವುದು, ಇವು ಬೇರೆ ಬೇರೆ ಅಧಿಕಾರಗಳು. ಇವುಗಳಲ್ಲಿ ಯಾವುವು ಯಾವ ಹುದ್ದೆಗೆ ಸಲ್ಲುತ್ತವೆ ಎಂಬುದನ್ನು ಪಾತ್ರವು ನಿರ್ಧರಿಸುತ್ತದೆ.

ಗುಂಪು ಎಂದರೆ ಆ ಅಧಿಕಾರವು ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ವ್ಯಾಪ್ತಿ. ಗ್ರಾಮ ವೃತ್ತ, ಹೋಬಳಿ, ತಾಲ್ಲೂಕು, ಉಪವಿಭಾಗ ಮತ್ತು ಜಿಲ್ಲೆ, ಹೀಗೆ ಬಳಕೆದಾರರನ್ನು ಗುಂಪುಗಳಲ್ಲಿ ಸೇರಿಸಲಾಗುತ್ತದೆ.

ಸರಳವಾಗಿ ಹೇಳುವುದಾದರೆ, "ಯಾರು" ಎಂಬುದಕ್ಕೆ ಬಳಕೆದಾರ, "ಏನು ಮಾಡಬಹುದು" ಎಂಬುದಕ್ಕೆ ಪಾತ್ರ, "ಎಲ್ಲಿ ಮಾಡಬಹುದು" ಎಂಬುದಕ್ಕೆ ಗುಂಪು ಉತ್ತರವಾಗಿರುತ್ತದೆ. ಭಾಲ್ಕಿ ತಾಲ್ಲೂಕಿನ ಕಂದಾಯ ನಿರೀಕ್ಷಕರಿಗೂ ಔರಾದ ತಾಲ್ಲೂಕಿನ ಕಂದಾಯ ನಿರೀಕ್ಷಕರಿಗೂ ಪಾತ್ರ ಒಂದೇ, ಗುಂಪು ಬೇರೆ. ಆದ್ದರಿಂದ ಔರಾದ ತಾಲ್ಲೂಕಿನವರು ಭಾತಂಬ್ರಾದ ಅರ್ಜಿಯನ್ನು ವಿಲೇವಾರಿ ಮಾಡಲು ಬರುವುದಿಲ್ಲ.

ಈ ಪದ್ಧತಿಯು ಕರ್ನಾಟಕಕ್ಕೆ ಮಾತ್ರ ಸೀಮಿತವಾದುದಲ್ಲ. ಪಾತ್ರವನ್ನು ಆಧರಿಸಿ ಅಧಿಕಾರ ನೀಡುವ ಮಾದರಿಯನ್ನು 1992ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕೂನ್ ಎಂಬುವರು ಪ್ರತಿಪಾದಿಸಿದರು. 2004ರಲ್ಲಿ ಇದು ಆ ದೇಶದ ಅಧಿಕೃತ ಮಾನಕವಾಯಿತು. ಇಂದು ಬ್ಯಾಂಕು, ಆಸ್ಪತ್ರೆ ಮತ್ತು ಸರ್ಕಾರಿ ಕಚೇರಿಗಳ ತಂತ್ರಾಂಶಗಳಲ್ಲಿ ಇದೇ ಮಾದರಿ ಬಳಕೆಯಲ್ಲಿದೆ.

2. ವ್ಯಕ್ತಿ ಮತ್ತು ಹುದ್ದೆ ಬೇರೆಯಾದ ಬಗೆ

ಬೀದರ್ ಜಿಲ್ಲೆಯು 1956ರ ರಾಜ್ಯಗಳ ಪುನರ್‌ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆ ಕಾಲದಲ್ಲಿ ಗ್ರಾಮದ ಕಂದಾಯ ವಸೂಲಿಯನ್ನು ಮಾಲಿ ಪಟೇಲರು, ಶಾಂತಿ ಪಾಲನೆಯನ್ನು ಪೊಲೀಸ್ ಪಟೇಲರು, ಲೆಕ್ಕಪತ್ರವನ್ನು ಪಟವಾರಿಯವರು ನೋಡಿಕೊಳ್ಳುತ್ತಿದ್ದರು. ಗಿರ್ದಾವರರು ಇವುಗಳನ್ನು ತಪಾಸಣೆ ಮಾಡುತ್ತಿದ್ದರು. ಕೆಲಸಗಳನ್ನು ಹಂಚುವ ಕ್ರಮವು ಅಂದೂ ಇತ್ತೆಂಬುದು ಇದರಿಂದ ತಿಳಿದುಬರುತ್ತದೆ. ಆದರೆ ಗ್ರಾಮ ಮಟ್ಟದ ಈ ಅಧಿಕಾರಗಳು ವಂಶಪಾರಂಪರ್ಯವಾಗಿದ್ದವು. ತಂದೆಯ ನಂತರ ಮಗನಿಗೆ ಹುದ್ದೆ ಬರುತ್ತಿದ್ದುದರಿಂದ ವ್ಯಕ್ತಿ ಮತ್ತು ಹುದ್ದೆ ಒಂದೇ ಆಗಿ, ದಫ್ತರವು ಮನೆಯ ಸ್ವತ್ತಿನಂತೆ ಉಳಿಯುತ್ತಿತ್ತು. ದಾಖಲೆ ನೋಡಬೇಕಾದವರು ಆ ಮನೆಯ ಬಾಗಿಲಿಗೆ ಹೋಗಬೇಕಾಗಿತ್ತು.

ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು 1961ರ ಅಧಿನಿಯಮದ ಮೂಲಕ ರದ್ದುಪಡಿಸಲಾಯಿತು. ತದನಂತರ ವೇತನ ಪಡೆಯುವ, ವರ್ಗಾವಣೆಗೆ ಒಳಪಡುವ ಗ್ರಾಮ ಲೆಕ್ಕಿಗರು ಬಂದರು. ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿಗಳೆಂದು ಕರೆಯಲಾಗುತ್ತದೆ. ಇದರಿಂದಾಗಿ ವ್ಯಕ್ತಿ ಬೇರೆ, ಹುದ್ದೆ ಬೇರೆ ಎಂಬುದು ಕಾನೂನಿನಲ್ಲಿ ಸ್ಥಾಪಿತವಾಯಿತು. ಆದಾಗ್ಯೂ ಕೈಬರಹದ ಪಹಣಿಯು ಒಬ್ಬರ ಬಳಿಯೇ ಇರುತ್ತಿದ್ದುದರಿಂದ, ಒಂದು ನಮೂದನ್ನು ಯಾರು, ಯಾವಾಗ ತಿದ್ದಿದರು ಎಂಬುದನ್ನು ರುಜುವಾತುಪಡಿಸುವುದು ಕಷ್ಟವಾಗಿತ್ತು.

ಈ ಕೊರತೆಯನ್ನು ನೀಗಿಸಿದ್ದು ಭೂಮಿ ಯೋಜನೆ. ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನೊಂದಿಗೆ 2000ದಿಂದ 2002ರ ನಡುವೆ ರಾಜ್ಯಾದ್ಯಂತ ಜಾರಿಗೊಳಿಸಿದ ಈ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ತಂತ್ರಾಂಶವನ್ನು ಪ್ರವೇಶಿಸುವ ಸಿಬ್ಬಂದಿಯು ಗುಪ್ತಪದದೊಂದಿಗೆ ತಮ್ಮ ಬೆರಳಚ್ಚನ್ನೂ ನೀಡುವ ವ್ಯವಸ್ಥೆಯನ್ನು ಇದರಲ್ಲಿ ಅಳವಡಿಸಲಾಯಿತು. ಗುಪ್ತಪದವನ್ನು ಮತ್ತೊಬ್ಬರಿಗೆ ಹೇಳಬಹುದು, ಬೆರಳನ್ನು ಕೊಡಲಾಗದು. ಹೀಗಾಗಿ "ಆ ನಮೂದು ನಾನು ಮಾಡಿದ್ದಲ್ಲ" ಎಂದು ಹೇಳಲು ಅವಕಾಶ ಇಲ್ಲದಾಯಿತು. ಜೊತೆಗೆ, ಹಕ್ಕು ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದವರಿಗೆ ಮೊದಲ ಆದ್ಯತೆಯ ಮೇರೆಗೆ ತೆಗೆದುಕೊಳ್ಳುವಂತೆ ತಂತ್ರಾಂಶವನ್ನೇ ರೂಪಿಸಲಾಯಿತು.

3. ಒಂದು ಅರ್ಜಿಯು ಸಾಗುವ ದಾರಿ

ಉದಾಹರಣೆಗಾಗಿ, ಭಾತಂಬ್ರಾ ಗ್ರಾಮದ ಓರ್ವ ಕೃಷಿಕ ಮಹಿಳೆಯ ಪತಿ ತೀರಿಕೊಂಡಿದ್ದಾರೆ ಎಂದು ಭಾವಿಸೋಣ. ಜಮೀನಿನ ಖಾತೆ ಇನ್ನೂ ಪತಿಯ ಹೆಸರಿನಲ್ಲಿದೆ. ಸಹಕಾರ ಸಂಘದಿಂದ ಬೆಳೆ ಸಾಲ ಪಡೆಯಲು ಅಥವಾ ಬೆಳೆ ಹಾನಿ ಪರಿಹಾರ ಪಡೆಯಲು ಖಾತೆ ವಾರಸುದಾರರ ಹೆಸರಿಗೆ ಆಗಬೇಕಾಗಿರುತ್ತದೆ. ಅದೇ ಸಮಯದಲ್ಲಿ ಮಗಳ ವಿದ್ಯಾರ್ಥಿ ವೇತನಕ್ಕೆ ಜಾತಿ ಮತ್ತು ಆದಾಯ ಪ್ರಮಾಣ ಪತ್ರವೂ ಬೇಕಾಗಿರುತ್ತದೆ. ಇವೆರಡೂ ಬೇರೆ ಬೇರೆ ಸೇವೆಗಳಾಗಿದ್ದು, ಎರಡರ ದಾರಿಯೂ ಬೇರೆಯಾಗಿರುತ್ತದೆ.

ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಅರ್ಜಿಯನ್ನು ಮೊದಲು ಗಣಕಯಂತ್ರ ನಿರ್ವಾಹಕರು ಅಥವಾ ಅರ್ಜಿದಾರರೇ ದಾಖಲಿಸುತ್ತಾರೆ. ಅನಂತರ ಅದು ಗ್ರಾಮ ಆಡಳಿತ ಅಧಿಕಾರಿಗಳ ಲಾಗಿನ್‌ಗೆ ಹೋಗುತ್ತದೆ. ಅವರು ವಿಚಾರಣೆ ನಡೆಸಿ ವರದಿ ಸಲ್ಲಿಸುತ್ತಾರೆ. ಕಂದಾಯ ನಿರೀಕ್ಷಕರು ವರದಿಯನ್ನು ಪರಿಶೀಲಿಸಿ ಶಿಫಾರಸು ಮಾಡುತ್ತಾರೆ. ಕೊನೆಯಲ್ಲಿ ಸೇವೆಗೆ ಅನುಗುಣವಾಗಿ ಉಪ ತಹಶೀಲ್ದಾರರು ಅಥವಾ ತಹಶೀಲ್ದಾರರು ಅನುಮೋದಿಸಿ ಡಿಜಿಟಲ್ ಸಹಿ ಮಾಡುತ್ತಾರೆ. ಈ ಹಿಂದೆಯೇ ವಿಚಾರಣೆ ಪೂರ್ಣಗೊಂಡು ದತ್ತಾಂಶದಲ್ಲಿ ಹೆಸರು ಸೇರಿರುವ ಕುಟುಂಬಗಳಿಗೆ ಪ್ರಮಾಣ ಪತ್ರವು ಕೂಡಲೇ ದೊರೆಯುವ ಸೌಲಭ್ಯವಿದೆ. ಅಲ್ಲಿಯೂ ವಿಚಾರಣೆಯ ಹಂತವನ್ನು ಕೈಬಿಟ್ಟಿರುವುದಿಲ್ಲ, ಅದನ್ನು ಮುಂಚಿತವಾಗಿ ಮುಗಿಸಿರಲಾಗುತ್ತದೆ.

ಖಾತೆ ಬದಲಾವಣೆಯ ಕ್ರಮವು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 128 ಮತ್ತು 129ನೇ ಪ್ರಕರಣಗಳಿಗೆ ಒಳಪಟ್ಟಿರುತ್ತದೆ. ಮರಣ ಪ್ರಮಾಣ ಪತ್ರ ಮತ್ತು ವಂಶವೃಕ್ಷದೊಂದಿಗೆ ಅರ್ಜಿ ಸ್ವೀಕೃತವಾದ ಬಳಿಕ ನೋಟೀಸು ಹೊರಡಿಸಿ ಗ್ರಾಮದಲ್ಲಿ ಪ್ರಚುರಪಡಿಸಲಾಗುತ್ತದೆ. ನಿಗದಿತ ಅವಧಿಯೊಳಗೆ ಯಾರೂ ತಕರಾರು ಸಲ್ಲಿಸದಿದ್ದಲ್ಲಿ ಕಂದಾಯ ನಿರೀಕ್ಷಕರು ಆದೇಶ ಹೊರಡಿಸುತ್ತಾರೆ. ತಕರಾರು ಬಂದಲ್ಲಿ ಪ್ರಕರಣವು ವಿವಾದಿತ ಪ್ರಕರಣಗಳ ವಹಿಗೆ ಸೇರಿ, ವಿಚಾರಣೆಯ ನಂತರವೇ ತೀರ್ಮಾನವಾಗುತ್ತದೆ.

ಈ ಹಂತಗಳು ಅರ್ಜಿದಾರರಿಗೆ ವಿಳಂಬವೆಂದು ತೋರಬಹುದು. ಆದರೆ ಮೇಲ್ಕಂಡ ಉದಾಹರಣೆಯಲ್ಲಿ ಅರ್ಜಿ ಸಲ್ಲಿಸಿದವರು ಪತ್ನಿಯಲ್ಲದೆ ಮೃತರ ಸಹೋದರರು ಎಂದು ಭಾವಿಸಿದರೆ ಅವುಗಳ ಮಹತ್ವ ತಿಳಿಯುತ್ತದೆ. ಅವರು ಸಲ್ಲಿಸಿದ ವಂಶವೃಕ್ಷದಲ್ಲಿ ಪತ್ನಿಯ ಹೆಸರಾಗಲಿ ಮಗಳ ಹೆಸರಾಗಲಿ ಇಲ್ಲದಿರಬಹುದು. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ 2005ರಲ್ಲಿ ತಂದ ತಿದ್ದುಪಡಿಯ ಮೇರೆಗೆ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಆದರೂ ಹೆಣ್ಣುಮಕ್ಕಳ ಹೆಸರು ವಂಶವೃಕ್ಷದಿಂದ ಬಿಟ್ಟುಹೋಗುವ ನಿದರ್ಶನಗಳು ಇಲ್ಲದಿಲ್ಲ. ದಾಖಲಿಸುವವರು, ಗ್ರಾಮದಲ್ಲಿ ವಿಚಾರಿಸುವವರು ಮತ್ತು ಆದೇಶ ನೀಡುವವರು ಬೇರೆ ಬೇರೆ ಆಗಿರುವುದರಿಂದ, ಬಿಟ್ಟುಹೋದ ಹೆಸರು ಎಲ್ಲಿಯಾದರೂ ಒಂದು ಹಂತದಲ್ಲಿ ಬೆಳಕಿಗೆ ಬರಲು ಅವಕಾಶವಿರುತ್ತದೆ. ಒಬ್ಬರೇ ಎಲ್ಲ ಹಂತಗಳನ್ನು ಒಂದೇ ದಿನದಲ್ಲಿ ಮುಗಿಸುವಂತಿದ್ದರೆ ಆ ಮಹಿಳೆಯು ಜಮೀನು ಕೈತಪ್ಪಿದ ವಿಷಯವನ್ನು ಪಹಣಿ ತೆಗೆಸಿದ ದಿನವೇ ತಿಳಿಯಬೇಕಾಗುತ್ತಿತ್ತು.

4. ಬರೆದವರೇ ತಾಳೆ ನೋಡಬಾರದು

ಲೆಕ್ಕಪತ್ರದ ಶಿಸ್ತಿನಲ್ಲಿ ಒಂದು ಹಳೆಯ ನಿಯಮವಿದೆ. ಹಣ ಸ್ವೀಕರಿಸುವವರು ನಗದು ಪುಸ್ತಕವನ್ನು ಬರೆಯಬಹುದು, ಆದರೆ ಅದನ್ನು ತಾಳೆ ನೋಡಿ ದೃಢೀಕರಿಸುವವರು ಬೇರೆಯವರೇ ಆಗಿರತಕ್ಕದ್ದು. ಖಜಾನೆಯ ಭದ್ರತಾ ಕೊಠಡಿಗೆ ಎರಡು ಬೀಗಗಳಿದ್ದು, ಎರಡು ಕೀಲಿಗಳು ಇಬ್ಬರ ಬಳಿ ಇರುವ ಪದ್ಧತಿಯೂ ಇದೇ ತತ್ವವನ್ನು ಆಧರಿಸಿದೆ. ಒಬ್ಬರ ಪ್ರಾಮಾಣಿಕತೆಯ ಮೇಲೆ ಸಂಶಯವಿದೆ ಎಂಬುದು ಇದರ ಅರ್ಥವಲ್ಲ. ಪ್ರಾಮಾಣಿಕರಾದ ನೌಕರರ ಮೇಲೆ ಸುಳ್ಳು ಆರೋಪ ಬಾರದಂತೆ ರಕ್ಷಿಸುವುದೂ ಇದೇ ನಿಯಮ.

ಸೇವಾ ತಂತ್ರಾಂಶವನ್ನು ರೂಪಿಸುವಾಗ ಈ ನಿಯಮವನ್ನು ಮೂರು ಬಗೆಯಲ್ಲಿ ಅಳವಡಿಸಲಾಗುತ್ತದೆ.

ಅ) ಒಂದು ಅರ್ಜಿಯನ್ನು ದಾಖಲಿಸಿದ ಬಳಕೆದಾರನು ಅದೇ ಅರ್ಜಿಯನ್ನು ಅನುಮೋದಿಸಲು ಸಾಧ್ಯವಾಗಬಾರದು. ಎರಡು ಹುದ್ದೆಗಳ ಪ್ರಭಾರ ಒಬ್ಬರಲ್ಲಿಯೇ ಇದ್ದರೂ ಒಂದೇ ಅರ್ಜಿಯಲ್ಲಿ ಎರಡೂ ಪಾತ್ರಗಳನ್ನು ವಹಿಸಲು ತಂತ್ರಾಂಶವು ಅವಕಾಶ ನೀಡಬಾರದು.

ಆ) ಪ್ರತಿ ಪಾತ್ರಕ್ಕೆ ಅದರ ಕೆಲಸಕ್ಕೆ ಅಗತ್ಯವಿರುವಷ್ಟೇ ಅಧಿಕಾರ ನೀಡತಕ್ಕದ್ದು. ವರದಿ ಸಲ್ಲಿಸುವವರಿಗೆ ಸಹಿ ಮಾಡುವ ಅಧಿಕಾರ ಬೇಕಾಗಿಲ್ಲ. ಗಣಕಯಂತ್ರ ನಿರ್ವಾಹಕರಿಗೆ ಇತರ ಗ್ರಾಮಗಳ ಆದಾಯದ ವಿವರ ಕಾಣಬೇಕಾಗಿಲ್ಲ.

ಇ) ಮೇಲ್ಮನವಿಯನ್ನು ಆಲಿಸುವ ಪ್ರಾಧಿಕಾರವು ಮೂಲ ಆದೇಶವನ್ನು ನೀಡುವ ಗುಂಪಿನಲ್ಲಿ ಇರಬಾರದು. 129ನೇ ಪ್ರಕರಣದ ಆದೇಶದ ವಿರುದ್ಧ 136ನೇ ಪ್ರಕರಣದ 2ನೇ ಉಪ ಪ್ರಕರಣದ ಅಡಿಯಲ್ಲಿ ಉಪವಿಭಾಗದ ಸಹಾಯಕ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದಾಗಿದೆ. ತಾವೇ ನೀಡಿದ ಆದೇಶದ ಮೇಲಿನ ಮನವಿಯನ್ನು ತಾವೇ ಕೇಳುವುದು ನ್ಯಾಯೋಚಿತವಾಗುವುದಿಲ್ಲ.

ತಂತ್ರಾಂಶವನ್ನು ನಿರ್ವಹಿಸುವ ತಾಂತ್ರಿಕ ಸಿಬ್ಬಂದಿಗೂ ಇದೇ ಕ್ರಮ ಅನ್ವಯಿಸುತ್ತದೆ. ಹೊಸ ಬಳಕೆದಾರರನ್ನು ಸೇರಿಸುವ, ಗುಪ್ತಪದವನ್ನು ಮರುಹೊಂದಿಸುವ ಅಧಿಕಾರ ಉಳ್ಳವರು ಅರ್ಜಿಗಳನ್ನು ಅನುಮೋದಿಸುವ ಅಧಿಕಾರವನ್ನು ಹೊಂದಿರಬಾರದು. ಕೀಲಿ ತಯಾರಿಸುವವರ ಕೈಯಲ್ಲಿ ಕೊಠಡಿಯನ್ನು ಬಿಡಲಾಗುವುದಿಲ್ಲ.

5. ಗುಂಪು ತಪ್ಪಿದಲ್ಲಿ ಅರ್ಜಿಯೂ ದಾರಿ ತಪ್ಪುತ್ತದೆ

ಅರ್ಜಿಯು ಯಾವ ಅಧಿಕಾರಿಯ ಲಾಗಿನ್‌ಗೆ ಹೋಗಬೇಕೆಂಬುದನ್ನು ತಂತ್ರಾಂಶವು ಅರ್ಜಿದಾರರು ಆಯ್ಕೆ ಮಾಡಿದ ಜಿಲ್ಲೆ, ತಾಲ್ಲೂಕು, ಹೋಬಳಿ ಮತ್ತು ಗ್ರಾಮದ ಹೆಸರಿನಿಂದ ತಿಳಿಯುತ್ತದೆ. ಬೀದರ್ ಜಿಲ್ಲೆಯಲ್ಲಿ ಬೀದರ್ ಮತ್ತು ಬಸವಕಲ್ಯಾಣ ಎಂಬ ಎರಡು ಕಂದಾಯ ಉಪವಿಭಾಗಗಳಿವೆ. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳು ಬೀದರ್ ಉಪವಿಭಾಗಕ್ಕೆ ಸೇರಿವೆ. ಸಂವಿಧಾನದ 371ಜೆ ಅನುಚ್ಛೇದದ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ನೀಡುವ ಅರ್ಹತಾ ಪ್ರಮಾಣ ಪತ್ರವನ್ನು ತಹಶೀಲ್ದಾರರು ನೀಡುವುದಿಲ್ಲ, ಉಪವಿಭಾಗದ ಸಹಾಯಕ ಆಯುಕ್ತರು ನೀಡುತ್ತಾರೆ. ಆದ್ದರಿಂದ ಭಾತಂಬ್ರಾದ ವಿದ್ಯಾರ್ಥಿಯ ಜಾತಿ ಪ್ರಮಾಣ ಪತ್ರದ ಅರ್ಜಿಯು ಭಾಲ್ಕಿ ತಾಲ್ಲೂಕಿನ ವ್ಯಾಪ್ತಿಯಲ್ಲಿಯೇ ಮುಗಿದರೆ, ಅದೇ ವಿದ್ಯಾರ್ಥಿಯ 371ಜೆ ಅರ್ಜಿಯು ಬೀದರ್‌ವರೆಗೆ ಹೋಗುತ್ತದೆ. ಉದ್ಯೋಗಕ್ಕೆ ಅಥವಾ ವೃತ್ತಿ ಶಿಕ್ಷಣದ ಪ್ರವೇಶಕ್ಕೆ ಅರ್ಜಿ ಸಲ್ಲಿಸುವವರು ಈ ಹೆಚ್ಚಿನ ಹಂತವನ್ನು ಗಮನದಲ್ಲಿರಿಸಿಕೊಂಡು ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸುವುದು ಸೂಕ್ತ.

ಆಡಳಿತ ಘಟಕಗಳು ಬದಲಾದಾಗ ಗುಂಪುಗಳೂ ಬದಲಾಗುತ್ತವೆ. ಜಿಲ್ಲೆಯಲ್ಲಿ ಔರಾದ ತಾಲ್ಲೂಕಿನಿಂದ ಕಮಲನಗರ, ಬಸವಕಲ್ಯಾಣ ತಾಲ್ಲೂಕಿನಿಂದ ಹುಲಸೂರು, ಹುಮನಾಬಾದ್ ತಾಲ್ಲೂಕಿನಿಂದ ಚಿಟಗುಪ್ಪ ಪ್ರತ್ಯೇಕ ತಾಲ್ಲೂಕುಗಳಾದವು. ಇಂತಹ ಸಂದರ್ಭದಲ್ಲಿ ಪ್ರತಿಯೊಂದು ಗ್ರಾಮವನ್ನೂ ಹಳೆಯ ಗುಂಪಿನಿಂದ ತೆಗೆದು ಹೊಸ ಗುಂಪಿಗೆ ಸೇರಿಸಬೇಕಾಗುತ್ತದೆ. ಪಾತ್ರಗಳನ್ನು ಮತ್ತು ಗುಂಪುಗಳನ್ನು ಬೇರೆ ಬೇರೆಯಾಗಿ ಇಟ್ಟಿರುವ ತಂತ್ರಾಂಶದಲ್ಲಿ ಈ ಕೆಲಸ ಸುಲಭ. ತಹಶೀಲ್ದಾರರ ಪಾತ್ರವನ್ನು ಹೊಸದಾಗಿ ಬರೆಯಬೇಕಾಗಿಲ್ಲ, ಗ್ರಾಮಗಳ ಪಟ್ಟಿಯನ್ನು ಬದಲಾಯಿಸಿದರೆ ಸಾಕು. ಆದರೆ ಹಳೆಯ ಪಡಿತರ ಚೀಟಿಯಲ್ಲಿ ಅಥವಾ ಶಾಲಾ ದಾಖಲೆಯಲ್ಲಿ ಹಳೆಯ ತಾಲ್ಲೂಕಿನ ಹೆಸರೇ ಇರುವುದರಿಂದ ಅರ್ಜಿದಾರರು ಅದನ್ನೇ ಆಯ್ಕೆ ಮಾಡುವ ಸಂಭವವಿರುತ್ತದೆ. ಗ್ರಾಮದ ಈಗಿನ ತಾಲ್ಲೂಕು ಮತ್ತು ಹೋಬಳಿಯನ್ನು ಖಚಿತಪಡಿಸಿಕೊಂಡು ಆಯ್ಕೆ ಮಾಡತಕ್ಕದ್ದು.

ಹೆಸರಿನ ವ್ಯತ್ಯಾಸವೂ ಗಮನಾರ್ಹ. ಈ ಭಾಗದಲ್ಲಿ ಕನ್ನಡ, ಮರಾಠಿ, ಉರ್ದು ಮತ್ತು ಹಿಂದಿ ಭಾಷೆಗಳು ಬಳಕೆಯಲ್ಲಿವೆ. ನಿಜಾಮರ ಆಡಳಿತ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿದ್ದು, ನಂತರದವು ಕನ್ನಡದಲ್ಲಿವೆ, ಆಧಾರ್ ಚೀಟಿಯಲ್ಲಿ ಇಂಗ್ಲಿಷ್ ಅಕ್ಷರಗಳಿವೆ. ಒಬ್ಬರದೇ ಹೆಸರು ಮೂರು ದಾಖಲೆಗಳಲ್ಲಿ ಮೂರು ಬಗೆಯಾಗಿದ್ದಲ್ಲಿ ತಂತ್ರಾಂಶವು ಅವರನ್ನು ಮೂವರೆಂದು ತಿಳಿಯಬಹುದು. ವ್ಯತ್ಯಾಸವಿರುವವರು ಅದನ್ನು ಅರ್ಜಿಯಲ್ಲಿಯೇ ತಿಳಿಸಿ ಪೂರಕ ದಾಖಲೆ ಲಗತ್ತಿಸುವುದರಿಂದ ಅರ್ಜಿ ಹಿಂದಿರುಗುವುದು ತಪ್ಪುತ್ತದೆ.

6. ವರ್ಗಾವಣೆ ಮತ್ತು ಪ್ರಭಾರ

"ಸಾಹೇಬರು ವರ್ಗವಾಗಿದ್ದಾರೆ, ಹೊಸಬರು ಬಂದ ಮೇಲೆ ಬನ್ನಿ" ಎಂಬ ಮಾತನ್ನು ಕೇಳಿ ಒಂದು ದಿನದ ಕೂಲಿಯನ್ನು ಬಿಟ್ಟು ಬಂದವರು ಬರಿಗೈಯಲ್ಲಿ ಹಿಂದಿರುಗುವುದುಂಟು. ಅಧಿಕಾರವನ್ನು ವ್ಯಕ್ತಿಗೆ ನೀಡದೆ ಪಾತ್ರಕ್ಕೆ ನೀಡುವುದರ ಪ್ರಮುಖ ಉದ್ದೇಶ ಇದನ್ನು ತಪ್ಪಿಸುವುದೇ ಆಗಿದೆ. ಅಧಿಕಾರಿಯು ಕಾರ್ಯಭಾರದಿಂದ ಬಿಡುಗಡೆಯಾದ ದಿನ ಆ ಬಳಕೆದಾರನಿಂದ ಪಾತ್ರವನ್ನು ಹಿಂಪಡೆಯತಕ್ಕದ್ದು, ಕಾರ್ಯಭಾರ ವಹಿಸಿಕೊಂಡವರಿಗೆ ಅಂದೇ ಅದನ್ನು ನೀಡತಕ್ಕದ್ದು. ಅರ್ಜಿಗಳು ಹುದ್ದೆಯೊಂದಿಗೆ ಉಳಿದು, ಹೊಸಬರ ಲಾಗಿನ್‌ನಲ್ಲಿ ಅದೇ ಸರದಿಯಲ್ಲಿ ಕಾಣಿಸಿಕೊಳ್ಳಬೇಕು. ದೀರ್ಘ ರಜೆಯ ಸಂದರ್ಭದಲ್ಲಿ ಪ್ರಭಾರ ವಹಿಸಿಕೊಂಡವರಿಗೆ ಇಷ್ಟು ದಿನಗಳಿಗೆಂದು ಗೊತ್ತುಪಡಿಸಿ ಪಾತ್ರವನ್ನು ನೀಡಬಹುದು. ಅವಧಿ ಮುಗಿದೊಡನೆ ಅದು ತಾನಾಗಿಯೇ ರದ್ದಾಗಬೇಕು.

ವರ್ಗಾವಣೆಯಾದವರ ಗುಪ್ತಪದವನ್ನೇ ಹೊಸಬರು ಬಳಸುವುದು ಮೇಲ್ನೋಟಕ್ಕೆ ಸುಲಭವೆನಿಸಿದರೂ ಸರಿಯಾದ ಕ್ರಮವಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ ಮೇರೆಗೆ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಇದೆ. ಸಹಿಯ ಸಾಧನವನ್ನು ಮತ್ತೊಬ್ಬರ ಕೈಗೆ ಕೊಡುವುದು ಸಹಿ ಮಾಡಿದ ಖಾಲಿ ಚೆಕ್ಕನ್ನು ಕೊಟ್ಟಂತೆಯೇ ಸರಿ. ಅಂತಹ ಪ್ರಮಾಣ ಪತ್ರವು ಮುಂದೆ ಪ್ರಶ್ನೆಗೆ ಒಳಗಾದಲ್ಲಿ ತೊಂದರೆಗೆ ಸಿಲುಕುವವರು ಅದನ್ನು ನಂಬಿ ಪ್ರವೇಶ ಅಥವಾ ಉದ್ಯೋಗ ಪಡೆದ ಅರ್ಜಿದಾರರೇ.

7. ಅರ್ಜಿದಾರರ ಗುರುತೂ ಅಷ್ಟೇ ಮುಖ್ಯ

ಸೇವಾ ಸಿಂಧು ಮುಂತಾದ ಜಾಲತಾಣಗಳಲ್ಲಿ ನಾಗರಿಕರ ಗುರುತು ಅವರ ಮೊಬೈಲ್ ಸಂಖ್ಯೆಗೆ ಹೊಂದಿಕೊಂಡಿರುತ್ತದೆ. ಸ್ವತಃ ಅರ್ಜಿ ಸಲ್ಲಿಸಲು ಆಗದವರು ಗ್ರಾಮ ಒನ್ ಕೇಂದ್ರದ ಅಥವಾ ಖಾಸಗಿ ಅಂಗಡಿಯ ನೆರವು ಪಡೆಯುತ್ತಾರೆ. ಈ ನೆರವಿನಲ್ಲಿ ತಪ್ಪೇನೂ ಇಲ್ಲ. ಆದರೆ ಅರ್ಜಿಯಲ್ಲಿ ನೆರವು ನೀಡಿದವರ ಮೊಬೈಲ್ ಸಂಖ್ಯೆ ನಮೂದಾದಲ್ಲಿ ಆ ಅರ್ಜಿಯ ಮಟ್ಟಿಗೆ ಅವರೇ ಅರ್ಜಿದಾರರಾದಂತೆ ಆಗುತ್ತದೆ. ಸ್ವೀಕೃತಿಯ ಸಂದೇಶ, ಕೊರತೆಯ ಸೂಚನೆ ಮತ್ತು ತಿರಸ್ಕಾರದ ಹಿಂಬರಹದ ಮಾಹಿತಿ ಎಲ್ಲವೂ ಅವರಿಗೇ ಹೋಗುತ್ತವೆ. "ಮೂರು ದಿನಗಳೊಳಗೆ ದಾಖಲೆ ಒದಗಿಸಿ" ಎಂಬ ಸಂದೇಶವು ಅಂಗಡಿಯವರ ಮೊಬೈಲಿನಲ್ಲಿ ನೂರಾರು ಸಂದೇಶಗಳ ನಡುವೆ ಉಳಿದು, ಅರ್ಜಿದಾರರು ಮನೆಯಲ್ಲಿ ಕಾಯುತ್ತಾ ಕುಳಿತಿರುವ ಸಂದರ್ಭ ಒದಗಬಹುದು.

ಒಟಿಪಿ ಎಂಬುದು ಆ ಕ್ಷಣದ ಸಹಿ. ಯಾವ ಕೆಲಸಕ್ಕಾಗಿ ಬಂದಿದೆ ಎಂಬುದನ್ನು ಸಂದೇಶದಲ್ಲಿ ಓದಿ, ಓದಲು ಬಾರದಿದ್ದಲ್ಲಿ ಮನೆಯ ಮಕ್ಕಳಿಂದ ಓದಿಸಿ ತಿಳಿದ ನಂತರವೇ ಅದನ್ನು ಹೇಳತಕ್ಕದ್ದು. ದೂರವಾಣಿಯಲ್ಲಿ ಕೇಳುವ ಅಪರಿಚಿತರಿಗೆ ಯಾವುದೇ ಕಾರಣಕ್ಕೂ ಹೇಳಬಾರದು. ಮತ್ತೊಬ್ಬರ ಗುಪ್ತಪದ, ವಿದ್ಯುನ್ಮಾನ ಸಹಿ ಅಥವಾ ಇತರ ಗುರುತನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಸಿ ಪ್ರಕರಣದ ಮೇರೆಗೆ ಅಪರಾಧವಾಗಿದ್ದು, 3 ವರ್ಷಗಳವರೆಗಿನ ಕಾರಾಗೃಹ ವಾಸ ಮತ್ತು 1 ಲಕ್ಷ ರೂಪಾಯಿಗಳವರೆಗಿನ ದಂಡಕ್ಕೆ ಅವಕಾಶವಿದೆ.

8. ದಾಖಲಾಗುವ ಸಮಯ ಮತ್ತು ಸಕಾಲ

ಪಾತ್ರಗಳನ್ನು ಕ್ರಮವಾಗಿ ವಿಂಗಡಿಸಿದ ತಂತ್ರಾಂಶದಲ್ಲಿ ಅರ್ಜಿಯು ಪ್ರತಿ ಲಾಗಿನ್‌ಗೆ ಬಂದ ಮತ್ತು ಅಲ್ಲಿಂದ ಹೊರಟ ದಿನಾಂಕ ಹಾಗೂ ಸಮಯವು ದಾಖಲಾಗುತ್ತದೆ. ಅರ್ಜಿಯು ಕಾಣೆಯಾಗಿದೆ, ಕಡತ ಸಿಗುತ್ತಿಲ್ಲ ಎಂದು ಹೇಳುವುದಕ್ಕೆ ಅವಕಾಶವಿರುವುದಿಲ್ಲ. ವಿಳಂಬವಾಗಿದ್ದಲ್ಲಿ ಯಾವ ಹಂತದಲ್ಲಿ, ಎಷ್ಟು ದಿನ ಆಯಿತು ಎಂಬುದು ಸ್ಪಷ್ಟವಾಗಿರುತ್ತದೆ.

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಯಶಸ್ಸು ಈ ದಾಖಲೆಯನ್ನೇ ಅವಲಂಬಿಸಿದೆ. ರಾಜ್ಯದ ನಾಲ್ಕು ತಾಲ್ಲೂಕುಗಳಲ್ಲಿ 2012ರ ಮಾರ್ಚ್ ತಿಂಗಳಿನಲ್ಲಿ ಈ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ ಬೀದರ್ ಜಿಲ್ಲೆಯ ಔರಾದ ಅವುಗಳಲ್ಲಿ ಒಂದಾಗಿತ್ತು. 2012ರ ಏಪ್ರಿಲ್ 2ರಿಂದ ಇದು 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯಾದ್ಯಂತ ಜಾರಿಗೆ ಬಂದಿತು. ಸಕಾಲದ ವ್ಯಾಪ್ತಿಗೆ ಬರುವ ಪ್ರತಿ ಅರ್ಜಿಗೆ 15 ಅಂಕಿಗಳ ಸಂಖ್ಯೆಯೊಂದನ್ನು ನೀಡಲಾಗುತ್ತದೆ. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗಳಿಗೆ, ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು. ವಿಳಂಬವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚವನ್ನು ಅಧಿನಿಯಮದಲ್ಲಿ ನಿಗದಿಪಡಿಸಲಾಗಿದ್ದು, ಅದನ್ನು ಹೊಣೆಗಾರರಾದ ಅಧಿಕಾರಿಯಿಂದ ವಸೂಲು ಮಾಡಲು ಅವಕಾಶವಿದೆ. ಮೊತ್ತವು ಚಿಕ್ಕದೆನಿಸಬಹುದು. ಆದರೆ ಅದನ್ನು ಯಾರಿಂದ ವಸೂಲು ಮಾಡಬೇಕೆಂಬುದು ಖಚಿತವಾಗಿ ತಿಳಿಯುವುದು ಪ್ರತಿ ಹಂತಕ್ಕೂ ಒಬ್ಬ ಬಳಕೆದಾರ, ಒಂದು ಪಾತ್ರ ಗೊತ್ತುಪಡಿಸಿರುವುದರಿಂದ ಮಾತ್ರ.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

1) ಅರ್ಜಿಯಲ್ಲಿ ತಮ್ಮ ಅಥವಾ ತಮ್ಮ ಕುಟುಂಬದವರ ಮೊಬೈಲ್ ಸಂಖ್ಯೆಯನ್ನೇ ನೀಡುವುದು.

2) ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆದು, ಅದರಲ್ಲಿನ ಹೆಸರು, ಗ್ರಾಮ, ಹೋಬಳಿ ಮತ್ತು ತಾಲ್ಲೂಕು ಸರಿಯಾಗಿವೆಯೇ ಎಂದು ಅಲ್ಲಿಯೇ ಪರಿಶೀಲಿಸುವುದು.

3) ಸ್ಥಿತಿಗತಿ ವಿಚಾರಿಸುವಾಗ "ಆಯಿತೇ?" ಎಂದು ಮಾತ್ರ ಕೇಳದೆ, "ಯಾವ ಅಧಿಕಾರಿಗಳ ಲಾಗಿನ್‌ನಲ್ಲಿದೆ, ಯಾವ ದಿನಾಂಕದಿಂದ ಇದೆ?" ಎಂದು ಕೇಳುವುದು. ಭಾತಂಬ್ರಾದಿಂದ ಬೀದರ್‌ಗೆ ಪ್ರಯಾಣ ಮಾಡುವ ಮೊದಲು ಅರ್ಜಿಯು ಅಲ್ಲಿಗೆ ತಲುಪಿದೆಯೇ ಎಂದು ತಿಳಿದುಕೊಂಡಲ್ಲಿ ಒಂದು ದಿನ ಉಳಿಯುತ್ತದೆ.

4) ಒಂದೇ ಸೇವೆಗೆ ಎರಡೆರಡು ಬಾರಿ ಅರ್ಜಿ ಸಲ್ಲಿಸದಿರುವುದು. ಎರಡನೆಯ ಅರ್ಜಿಯು ಸರದಿಯ ಕೊನೆಯಲ್ಲಿ ಸೇರುತ್ತದೆ, ಮೊದಲನೆಯದರ ವಿಚಾರಣೆಗೂ ತೊಡಕಾಗಬಹುದು.

5) ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ತಿಳಿಸುವ ಹಿಂಬರಹವನ್ನು ಕೇಳಿ ಪಡೆಯುವುದು. ಮೇಲ್ಮನವಿಗೆ ಅದು ಆಧಾರವಾಗುತ್ತದೆ.

6) ಖಾತೆ ಬದಲಾವಣೆಯ ನೋಟೀಸನ್ನು ಗ್ರಾಮದಲ್ಲಿ ಪ್ರಚುರಪಡಿಸಿದಾಗ ಓದುವುದು ಅಥವಾ ಓದಿಸಿ ಕೇಳುವುದು. ವಾರಸುದಾರರ ಹೆಸರು ಬಿಟ್ಟುಹೋಗಿದ್ದಲ್ಲಿ ನಿಗದಿತ ಅವಧಿಯೊಳಗೆ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆಯುವುದು. ಹೊರ ಊರಿನಲ್ಲಿ ನೆಲೆಸಿರುವ ಹೆಣ್ಣುಮಕ್ಕಳು ತಮ್ಮ ತವರಿನ ಜಮೀನಿನ ಪಹಣಿಯನ್ನು ಆಗಾಗ ಪರಿಶೀಲಿಸುವುದು ಒಳ್ಳೆಯದು.

7) "ಬೇರೆಯವರ ಲಾಗಿನ್‌ನಿಂದ ಬೇಗ ಮಾಡಿಸಿಕೊಡುತ್ತೇವೆ" ಎಂದು ಹೇಳುವ ಮಧ್ಯವರ್ತಿಗಳನ್ನು ನಂಬದಿರುವುದು. ಹಾಗೆ ಪಡೆದ ಪ್ರಮಾಣ ಪತ್ರವು ಮುಂದೆ ರದ್ದಾಗುವ ಸಂಭವವಿರುತ್ತದೆ.

ಬಳಕೆದಾರ, ಗುಂಪು ಮತ್ತು ಪಾತ್ರಗಳ ವಿಂಗಡಣೆಯು ತಾಂತ್ರಿಕ ವಿಷಯವೆಂದು ತೋರಿದರೂ ಅದರ ಫಲವನ್ನು ಅನುಭವಿಸುವವರು ಅರ್ಜಿದಾರರು. ಅರ್ಜಿಯು ಈಗ ಯಾರ ಬಳಿ ಇದೆ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಅರ್ಜಿದಾರರಿಗೂ ಇದೆ, ಅದಕ್ಕೆ ಉತ್ತರ ನೀಡುವುದು ಕಚೇರಿಯ ಕರ್ತವ್ಯವಾಗಿದೆ. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಲು ಈ ಮೂಲಕ ಕೋರಲಾಗಿದೆ.